ಆವಿಗೆಯ ಹೊಗೆಯಲ್ಲ

ಕೋಕಂದ್,
ಏಪ್ರಿಲ್ 14

ತುರ್ಸುನ್‌ಬಾಯ್ ಅವರಿಗೆ, ಮುಕದ್ದಸಳ ಸಲಾಮು.

ಹೋದ ವಾರ ನಿಮ್ಮ ತಮ್ಮ ಇಲ್ಹಾಮ್ ಬಂದಿದ್ದ. ನಿಮ್ಮೂರು ರಿಶ್ತಾನಿನ ನಾನ್ ರೊಟ್ಟಿ, ಒಣ ಜರ್ದಾಳು ಹಣ್ಣು ತಂದಿದ್ದ. ಮೊದಲ ಬಟ್ಟಲು ಚಹಾ ಮುಗಿಯುವವರೆಗೂ ಬರೀ ಹವಾಮಾನದ ಮಾತು. ಕೊನೆಗೆ ತಲೆ ಎತ್ತದೆ ಕೇಳಿದ: "ಅತ್ತಿಗೆ, ಜುಮ್ರದ್ ಕಣ್ಣು ಸರಿ ಮಾಡಿದ ತಾಷ್ಕೆಂಟಿನ ಡಾಕ್ಟರ ಹೆಸರೇನು? ಅಣ್ಣ ಕೇಳ್ಕೊಂಡು ಬಾ ಅಂದ."

"ನಿಮ್ಮಣ್ಣನಿಗೆ ನಾನೇ ಬರೀತೀನಿ, ಹೋಗು" ಎಂದೆ. ಅದಕ್ಕೇ ಈ ಕಾಗದ.

ಮಗಳು ಜುಮ್ರದ್ ಚಿಕ್ಕವಳಿದ್ದಾಗ ಬೆಳಗಾದರೆ ಕಣ್ಣು ಬಿಡಲಾರದೆ ಚೀರುತ್ತಿದ್ದದ್ದು ನಿಮಗೆ ನೆನಪಿದೆಯೇ? ಬಿಸಿಲಿಗೆ ಹೆದರಿ ಮಂಚದಡಿ ಸೇರಿಕೊಳ್ಳುತ್ತಿದ್ದಳು. ಪಲಾವಿನ ಊಟಕ್ಕೆ ಬಂದ ಕೇರಿಯ ಹೆಂಗಸರೆದುರು ನಿಮ್ಮ ತಾಯಿ, "ನಮ್ಮ ವಂಶದಲ್ಲಿ ಇಂಥದ್ದು ಯಾರೂ ಕಂಡಿಲ್ಲಮ್ಮ. ಇವಳ ತವರಿನ ರಕ್ತಾನೇ ಕೊಳೆತಿರೋದು" ಅಂದರು. ಅಲ್ಲೇ ಕೂತಿದ್ದ ನಿಮ್ಮ ತಂದೆ ಎದುರಿಗಿದ್ದ ಬಟ್ಟಲನ್ನು ತಡಕಾಡುತ್ತಿದ್ದರು. ಅವರ ಕಣ್ಣನ್ನು ಮಡಕೆ ಸುಡುವ ಆವಿಗೆಯ ಹೊಗೆ ತಿಂದಿತಂತೆ. ನಿಮ್ಮ ತಾತನದ್ದನ್ನೂ ಹೊಗೆಯೇ ತಿಂದಿತಂತೆ.

ತಾಷ್ಕೆಂಟಿಗೆ ನಾನೊಬ್ಬಳೇ ಮಗುವನ್ನು ಎತ್ತಿಕೊಂಡು ಹೋದೆ. ಡಾಕ್ಟರಮ್ಮ ನನ್ನನ್ನೂ ಯಂತ್ರದ ಮುಂದೆ ಕೂರಿಸಿ ನೋಡಿದರು. "ನಿನ್ನ ಕಣ್ಣು ತಿಳಿ ನೀರಿನ ಹಾಗಿದೆ ಕಣಮ್ಮ. ಮಗೂದು ಹಾಗಲ್ಲ. ಪಾಪೆ ಮುಂದಿರೋ ಗಾಜಿನಂಥ ಪೊರೇಲಿ ಎಳೆ ಎಳೆಯಾಗಿ ಕಟ್ಕೊಳ್ತಿದೆ. ಇದು ಹೆತ್ತವರಿಂದ ಬರೋದು, ಒಬ್ಬರಲ್ಲಿದ್ರೂ ಸಾಕು. ಗಂಡನ್ನ ಕರ್ಕೊಂಡು ಬಾ" ಅಂದರು.

ನಾನು ಹಿಂತಿರುಗಿದಾಗ ನೀವು ಮಣ್ಣಿನ ತಟ್ಟೆಯ ಮೇಲೆ ದಾಳಿಂಬೆ ಬರೆಯುತ್ತಿದ್ದಿರಿ. ನಾನು ಹೇಳಿದ್ದನ್ನು ಕೇಳಿಯೂ ಕುಂಚ ಎತ್ತಲಿಲ್ಲ. ನಿಮ್ಮ ತಾಯಿಯೇ ಉತ್ತರ ಕೊಟ್ಟರು: "ಕೂದಲೆಳೆಯಂಥ ಗೆರೆ ಎಳೆಯೋ ನನ್ನ ಮಗನ ಕಣ್ಣಿಗೆ ರೋಗಾನಾ? ನಾಲಿಗೆ ಬಿಗಿ ಹಿಡಿದು ಮಾತಾಡೇ!" ಮಾರನೆಯ ದಿನ ಅಂಗಳದಲ್ಲಿ ಎಲ್ಲರೆದುರು ನೀವು ತಲಾಖ್ ಹೇಳಿದಿರಿ. ಸುಡುವ ಬಿಸಿಲು. ಮಗಳ ಮುಖವನ್ನು ನನ್ನ ಎದೆಗೆ ಒತ್ತಿಕೊಂಡು ಬಾಗಿಲು ದಾಟಿದೆ.

ಅಲ್ಲಿಗೆ ಮುಗಿಯಲಿಲ್ಲ. ಕುರುಡು ಮನೆತನವೆಂದು ನಿಮ್ಮ ತಾಯಿ ಊರೂರಿಗೆ ಹಬ್ಬಿಸಿದ ಮಾತಿಗೆ ನನ್ನ ತಂಗಿಯ ನಿಶ್ಚಯ ಮುರಿಯಿತು. ಹೊಲಿದಿಟ್ಟ ಮದುವೆಯ ಬಟ್ಟೆಯನ್ನು ಅವಳೇ ಹೊಲಿಗೆ ಬಿಚ್ಚಿ ದಿಂಬಿಗೆ ಹೊದಿಸಿದಳು. ಇಂದಿಗೂ ಒಬ್ಬಳೇ ಇದ್ದಾಳೆ.

ಮುಂದಿನ ವಸಂತದಲ್ಲಿ ನಿಮ್ಮ ಅಕ್ಕ ರುಜ್ವಾನ್ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಬಾಗಿಲಿಗೆ ಬಂದರು. "ಅಮ್ಮಂಗೆ ಗೊತ್ತಾದ್ರೆ ಸಾಯಿಸ್ತಾಳೆ ಕಣೇ. ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹೊಯ್ದ ಹಾಗೆ" ಎಂದು ಅತ್ತರು. ಅದೇ ಡಾಕ್ಟರ ಬಳಿಗೆ ಕರೆದೊಯ್ದೆ. ಅವರ ಕಣ್ಣಲ್ಲೂ ಅದೇ ಎಳೆಗಳು. ಆವಿಗೆಯ ಹತ್ತಿರ ಎಂದೂ ಸುಳಿಯದ ಹೆಂಗಸು ಅವರು! ಊರಿಗೆ ಹೋಗಿ ನಿಮಗೂ ನಿಮ್ಮ ತಾಯಿಗೂ ಎಲ್ಲವನ್ನೂ ಹೇಳಿದರು. "ಬಾಯಿ ಮುಚ್ಕೊಂಡಿರು" ಎಂದು ನೀವು ಗದರಿಸಿದ್ದನ್ನು ರುಜ್ವಾನ್ ಅಕ್ಕನೇ ನನಗೆ ತಿಳಿಸಿದರು.

ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಗುಲ್ಸಾರಾಳನ್ನು ಮದುವೆಯಾದಿರಿ.

ಈಗ ನಿಮಗೆ ನೀಲಿ ಯಾವುದು, ಹಸಿರು ಯಾವುದು ತಿಳಿಯುವುದಿಲ್ಲವಂತೆ. ಕುಂಚ ಕೆಳಗಿಟ್ಟು ದಿನವಿಡೀ ಗೋಡೆಗೆ ಮುಖ ಮಾಡಿ ಕೂರುತ್ತೀರಂತೆ. ಇಲ್ಹಾಮ್ ಇದನ್ನು ಹೇಳಿ ಕಣ್ಣೊರೆಸಿಕೊಂಡ. ನನಗೆ ಅಯ್ಯೋ ಅನ್ನಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಂದಿನ ಚಹಾ ನಾಲಿಗೆಗೆ ರುಚಿಯೆನಿಸಿತು.

ಜುಮ್ರದ್ ಚೆನ್ನಾಗಿದ್ದಾಳೆ. ಲೇಸರಿನಲ್ಲಿ ಪೊರೆಯ ಮೇಲ್ಪದರ ತೆಗೆದರು. ಎಳೆಗಳು ಮತ್ತೆ ಕಟ್ಟಬಹುದು, ಆಗ ಸತ್ತವರು ಕೊಟ್ಟ ಪೊರೆ ಹಾಕುತ್ತಾರಂತೆ. ಸದ್ಯಕ್ಕೆ ಸೂಜಿಗೆ ದಾರ ಅವಳೇ ಪೋಣಿಸುತ್ತಾಳೆ. ಅಪ್ಪ ಹೇಳಿ ಕಳಿಸಿದ್ದಾರೆ ಎಂದೆ. "ಯಾವ ಅಪ್ಪ?" ಎಂದು ಕೇಳಿ ಹೊಲಿಗೆ ಮುಂದುವರಿಸಿದಳು.

ಡಾಕ್ಟರ ಹೆಸರು ನಿಮಗೆ ಹೇಳುವುದಿಲ್ಲ. ತಾಷ್ಕೆಂಟ್ ದೊಡ್ಡ ಊರು. ಮಗುವನ್ನು ಹೊತ್ತು ನಾನು ಬಾಗಿಲು ಬಾಗಿಲು ತಟ್ಟಿದ ಹಾಗೆ ನೀವೂ ತಟ್ಟಿ. ಗೋಡೆ ಹಿಡಿದುಕೊಂಡು ಹೋಗಿ.

ಒಂದು ಕಾಲಕ್ಕೆ ನಿಮ್ಮ ಮನೆಯವಳಾಗಿದ್ದ,
ಮುಕದ್ದಸ್

ಮತ್ತೊಂದು ಮಾತು: ಗುಲ್ಸಾರಾ, ಮನೆಗೆ ಬಂದ ಕಾಗದವನ್ನೆಲ್ಲ ಈಗ ನೀನೇ ಅವರಿಗೆ ಗಟ್ಟಿಯಾಗಿ ಓದಿ ಹೇಳುವುದಂತೆ. ನಿನ್ನ ಮಗನೂ ಬಿಸಿಲು ಕಂಡರೆ ಚೀರುತ್ತಾನಂತೆ, ಅತ್ತೆ ಆಗಲೇ ನಿನ್ನ ತವರಿನ ರಕ್ತದ ಮಾತು ಎತ್ತಿದ್ದಾರಂತೆ. ನಿನ್ನ ಗಂಡನ ಹೆಸರಿಗೆ ಬರೆದೆನೇ ಹೊರತು ಇಷ್ಟನ್ನೂ ಹೇಳಿದ್ದು ನಿನಗೆ, ತಂಗಿ. ಸೋಮವಾರ ಮಗುವನ್ನು ಕರೆದುಕೊಂಡು ನನ್ನ ಮನೆಗೆ ಬಾ, ತಾಷ್ಕೆಂಟಿಗೆ ಜೊತೆಗೆ ಹೋಗೋಣ. ಇನ್ನು ಮುಂದಿನ ಸಾಲನ್ನು ಮಾತ್ರ ಮನಸ್ಸಿನಲ್ಲೇ ಓದಿಕೋ.

ಡಾಕ್ಟರ ಹೆಸರು ಫೆರೂಜಾ ಅಜೀಮೋವಾ. ನಿನ್ನ ಗಂಡನಿಗೆ ಹೇಳುವುದು, ಬಿಡುವುದು ನಿನ್ನಿಷ್ಟ.