‘ಬತ್ತೆ’ ಎನ್ನದೆ ಬಂದ ಚಿಕ್ಕಿ

ಅಬ್ಬಿ,

ಒಂದು ಸುದ್ದಿ ಇದೆ. ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳು ನೀನು. ಅದಕ್ಕೇ ಬರೆಯಲು ಕೂತೆ.

ಆಪರೇಷನ್ ಆಗಿ ನಿನ್ನ ತಂಗಿಯನ್ನು, ನನ್ನ ಗುಲಾಬಿ ಚಿಕ್ಕಿಯನ್ನು, ಮನೆಗೆ ಕಳಿಸಿದ ದಿನ ನೆನಪಿದೆಯಲ್ಲ? ಎಡ ಮೊಲೆ ತೆಗೆದಿದ್ದರು. ಗಾಯದಿಂದ ಬರುವ ನೀರಿಗೆ ಹಾಕಿದ್ದ ನಳಿಗೆಯನ್ನೂ ಡಬ್ಬಿಯನ್ನೂ ಬಟ್ಟೆ ಚೀಲದಲ್ಲಿಟ್ಟು, ಮೀನು ಮಾರಿ ಮನೆಗೆ ಹೊರಟವಳ ಹಾಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು ಚಿಕ್ಕಿ. ವಾರ್ಡಿನ ಬಾಗಿಲಲ್ಲಿ ತಿರುಗಿ ನರ್ಸಿಗೆ, “ಬತ್ತೆ, ಆಯ್ತಾ” ಎಂದುಬಿಟ್ಟಳು. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬತ್ತೆ’, ಬರುತ್ತೇನೆ ಎಂದೇ ಹೇಳುವುದು. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ ಮಾತ್ರ ಆ ಮಾತು ಆಡಬಾರದು. ನಿನ್ನ ಮುಖ ಬಿಳುಚಿತು.

“ಆಸ್ಪತ್ರಿಯಂಗೆ ಬತ್ತೆ ಅಂಬುದಾ ಗುಲಾಬಿ? ತಲಿ ಸಮ ಇತ್ತಾ ನಿಂಗೆ?”

“ಎಂತ ಮಾಡುದ್ ಅಕ್ಕ, ಬಾಯಿಗ್ ಬಂದ್ ಹೋಯ್ತ್. ಕೈ ಎತ್ತುಕಾಗ ಅಂದ್ರ್, ಬಾಯಿ ಮುಚ್ಚುಕೆ ಹೇಳ್ಲಿಲ್ಲೆ.”

ಬಾಡಿಗೆ ಕಾರು ಬ್ರಹ್ಮಾವರ ದಾಟುವವರೆಗೂ ನೀನು ಬೈಯುತ್ತಲೇ ಇದ್ದೆ.

ಕಿಮೋ ಶುರುವಾಗಿ ಕೂದಲು ಉದುರಿದಾಗ, ವಿಗ್ ತರಿಸಲೇ ಎಂದು ನಾನು ಕೇಳಿದ್ದೆ. “ಇಷ್ಟ್ ವರ್ಷ ಮೀನ್ ಬುಟ್ಟಿ ಹೊತ್ತ ತಲಿ ಮಗಾ, ಈಗ ಸಲ್ಪ ಗಾಳಿ ತಾಗ್ಲಿ” ಎಂದಳು. ಪ್ರತಿ ಸಲವೂ ಕೆಲವು ದಿನ ಬಾಯೆಲ್ಲ ಹುಣ್ಣು, ಗಂಜಿ ತಿಳಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಮುಂದಿನ ಸರದಿಯ ಬೆಳಿಗ್ಗೆ ನಾವು ಬೈಂದೂರಿನ ಅವಳ ಮನೆ ಮುಟ್ಟುವಾಗ ಸೀರೆ ಉಟ್ಟು ಜಗಲಿಯಲ್ಲಿ ಕೂತಿರುತ್ತಿದ್ದಳು. “ಬತ್ತೆ ಅಂದ್ ಮೇಲೆ ಹೋಯ್ಕಲ್ದಾ ಅಕ್ಕ?” ಎಂದು, ಮಾತು ಕೊಟ್ಟವಳು ಹೋಗಲೇಬೇಕಲ್ಲ ಎಂಬಂತೆ, ನಿನ್ನನ್ನೇ ಕೆಣಕುತ್ತಿದ್ದಳು. ನೀನು ಅಲ್ಲಿ ನಗುತ್ತಿದ್ದೆ. ಬಸ್ರೂರಿನ ನಮ್ಮ ಮನೆಗೆ ಬಂದ ಮೇಲೆ ನನ್ನ ಹತ್ತಿರ, “ಆ ಮಾತ್ ಅವ್ಳ್ ಹೇಳುಕಾಗ್ದಿತ್ತ್ ಮಗಾ…”

ತಂಗಿಗೆ ಏನಾದರೂ ಆದರೆ ಎಂದು ಹೆದರಿದವಳು ನೀನು. ಹೋದವಳೂ ನೀನೇ. ದೋಸೆಗೆ ಕಾವಲಿ ಇಟ್ಟು ಕೂತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಜನರ ನಡುವೆ ಹೋದರೆ ಸೋಂಕು ತಗುಲೀತೆಂದು ಚಿಕ್ಕಿಗೆ ಎಚ್ಚರಿಸಿದ್ದರು. ಆದರೂ ಬೋಳು ತಲೆಗೆ ಬಟ್ಟೆ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬಂದು ಅಂಗಳದ ಮೂಲೆಯಲ್ಲಿ ನಿಂತಳು. ಹೊರಡುವಾಗ ‘ಬತ್ತೆ’ ಎನ್ನಲಿಲ್ಲ.

ಇನ್ನು ಇವಳು ಕಿಮೋ ಬಿಟ್ಟುಬಿಟ್ಟರೆ? ಪಕ್ಕದಲ್ಲಿ ಕೂತು ಬೈಯುವ ಅಕ್ಕನೇ ಇಲ್ಲವಲ್ಲ. ಮುಂದಿನ ಸರದಿಗೆ ಅದೇ ಹೆದರಿಕೆಯಲ್ಲಿ ಬೈಂದೂರಿಗೆ ಹೋದೆ. ಅದೇ ಜಗಲಿ, ಸೀರೆ ಉಟ್ಟು ಕೂತ ಚಿಕ್ಕಿ. ನಾನು ನೋಡುತ್ತಲೇ ನಿಂತೆ.

“ಎಂತ ಹಾಂಗ್ ಕಾಂತೆ? ಅರ್ಧದಂಗೆ ಬಿಟ್ರೆ ನಿನ್ ಅಬ್ಬಿ ನನ್ನ್ ಬಿಡ್ತ್ಳಾ?”

ಕಿಮೋ ಮುಗಿಸಿದಳು, ರೇಡಿಯೇಷನ್ನೂ ಮುಗಿಸಿದಳು. ಈಗ ಮತ್ತೆ ಪೇಟೆಯಲ್ಲಿ ಮೀನು ಮಾರಲು ಕೂರುತ್ತಾಳೆ. ಎಡಗೈಯಲ್ಲಿ ಭಾರ ಎತ್ತುವಂತಿಲ್ಲ. ತನ್ನ ಬುಟ್ಟಿಗೆ ಬೇರೆಯವರ ಕೈ ತಾಗಲು ಬಿಡದವಳು, “ಹ್ವಾಯ್, ಒಂದ್ ಕೈ ಕೊಡಿ ಕಾಂಬ” ಎಂದು ಗಿರಾಕಿಗಳನ್ನೇ ಕರೆಯುತ್ತಾಳೆ. ನೋಡಿದ್ದರೆ ನೀನು ನಂಬುತ್ತಿದ್ದೆಯಾ? ಆಪರೇಷನ್ನಿಗಿಂತ ಇದಕ್ಕೇ ಅವಳಿಗೆ ಹೆಚ್ಚು ಧೈರ್ಯ ಬೇಕಾಯಿತು ಎಂದು ನನಗನಿಸುತ್ತದೆ.

ಸುದ್ದಿ ಇದು. ನಿನ್ನೆ ತಪಾಸಣೆಗೆ ಹೋಗಿದ್ದೆವು. ಡಾಕ್ಟರಮ್ಮ ರಿಪೋರ್ಟ್ ನೋಡಿ, “ರೋಗ ಎಲ್ಲೂ ಕಾಣುವುದಿಲ್ಲ ಗುಲಾಬಮ್ಮ. ಇನ್ನು ಆರು ತಿಂಗಳು ಬಿಟ್ಟು ತೋರಿಸಿ” ಎಂದರು. ಚಿಕ್ಕಿ ಎದ್ದಳು. ಬಾಗಿಲ ಹತ್ತಿರ ತಿರುಗಿ ಬಾಯಿ ತೆರೆದಳು. ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೈ ಮುಗಿದು ಹೊರಗೆ ಬಂದಳು.

“ಕಂಡ್ಯಾ? ಹೇಳ್ಲಿಲ್ಲೆ!”

ಮೆಟ್ಟಿಲಲ್ಲೇ ಇಬ್ಬರೂ ನಕ್ಕೆವು.

ಸೀದಾ ಬೈಂದೂರಿಗೆ ಹೋಗದೆ ನಮ್ಮ ಮನೆಗೆ ಬಂದಳು. ಬಂಗುಡೆ ಸಾರಿಗೆ ಹುಳಿ ಕಮ್ಮಿ ಎಂದು ನನ್ನ ಹೆಂಡತಿಗೆ ಬೈದು, ಎರಡು ಸಲ ಹಾಕಿಸಿಕೊಂಡು ಉಂಡಳು. ಹೊರಡುವಾಗ ಹೊಸಿಲಲ್ಲಿ ನಿಂತು ನಿನ್ನ ಫೋಟೋ ಕಡೆ ತಿರುಗಿದಳು. ಈಗ ಸೆರಗು ಬಾಯಿಗೆ ಹೋಗಲಿಲ್ಲ.

“ಅಕ್ಕ, ಬತ್ತೆ.”

ಪೇಟೆಯಲ್ಲಿ ಮೀನು ಕೂಗುವಷ್ಟು ಜೋರಾಗಿ ಹೇಳಿದಳು. ನಿನಗೆ ಕೇಳಿಸಿರಬೇಕು.

ನಿನ್ನ ಮಗ