ನ್ಯೂಮಾನ ಹೋಟೆಲಿನಲ್ಲಿ ಮೊದಲ ಊಟ

ನ್ಯೂ ಆರ್ಲಿಯನ್ಸ್
20 ಅಕ್ಟೋಬರ್ 1987

ಪ್ರೀತಿಯ ತಂಗಿ ಫಿಲೊಮೆನ್,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಸಿಟ್ಟಾಗಬೇಡ. ಬೇಸಿಗೆಯೆಲ್ಲ ಆಸ್ಪತ್ರೆಯ ಓಡಾಟದಲ್ಲೇ ಕಳೆಯಿತು. ಗಂಟಲ ಗಡ್ಡೆ ಕರಗಿದೆ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಮಂಡಿನೋವು ಹೇಗಿದೆ? ಲಾಸ್ ಏಂಜಲೀಸಿನ ಬಿಸಿಲಾದರೂ ಅದಕ್ಕೆ ಒಗ್ಗಿತೇ?

ದೊಡ್ಡ ಸುದ್ದಿ ಏನೆಂದರೆ ನಮ್ಮ ನ್ಯೂಮಾ ಕೊನೆಗೂ ಹೋಟೆಲು ತೆರೆದ. ಅಪ್ಪನ ಜೊತೆಗಿನ ಗಾರೆ ಕೆಲಸ ಬಿಟ್ಟು ಅಡುಗೆಗೆ ಇಳಿದಾಗಿನಿಂದ ನಮ್ಮ ಯಜಮಾನರು ಆಲ್ಸೀಡ್ ಅವನೊಂದಿಗೆ ಮಾತು ಬಿಟ್ಟಿದ್ದರಲ್ಲ. ತಾತನ ಕಾಲದಿಂದ ಈ ಊರಿನ ಅರ್ಧ ಗೋಡೆಗಳಿಗೆ ಗಾರೆ ಹಾಕಿದ ಮನೆತನ, ಈಗ ಸೌಟು ಹಿಡಿಯುವುದೇ ಎಂಬುದು ಅವರ ಹಟ. ಭಾನುವಾರದ ಊಟಕ್ಕೆ ಮಗ ಎಲ್ಲರನ್ನೂ ಕರೆದಾಗಲೂ ಇವರು ಕುರ್ಚಿ ಬಿಟ್ಟು ಏಳಲಿಲ್ಲ. "ಸರಿ, ನಾನು ಬಸ್ಸಲ್ಲಿ ಹೋಗ್ತೀನಿ" ಎಂದೆ. ಆಗ ಟೋಪಿ ಹಾಕಿಕೊಂಡರು.

ನಮ್ಮ ನಾದಿನಿ ಉರ್ಸುಲ್ ನಿನಗೆ ಗೊತ್ತಲ್ಲ, ಒಳಗೆ ಕಾಲಿಡುತ್ತಲೇ ಶುರು ಮಾಡಿದಳು. "ಮನೇಲಿ ಪುಕ್ಕಟೆ ಸಿಗೋದನ್ನ ಮೇಜುಬಟ್ಟೆ ಹಾಸಿ ಮಾರ್ತಾನೆ ನೋಡು ಇವನು."

"ಅತ್ತೆ, ನಿಮ್ಮ ಮನೇಲಿ ಪುಕ್ಕಟೆ ಏನು ಸಿಕ್ಕಿದೆ ನಂಗೆ, ಬೈಗುಳ ಬಿಟ್ಟು?" ಎಂದ ನ್ಯೂಮಾ. ಎಲ್ಲರೂ ನಕ್ಕರು. ಆಲ್ಸೀಡ್ ಮಾತ್ರ ಗೋಡೆ ನೋಡುತ್ತ ಕೂತಿದ್ದರು.

ಸಿಗಡಿ ತುಂಬಿಸಿದ ಸೀಮೆಬದನೆಕಾಯಿ ಬಂತು, ಖಾಲಿಯಾಯಿತು. ಆಮೇಲೆ ನ್ಯೂಮಾ ತಾನೇ ಅನ್ನದ ಮೇಲೆ ಸುರಿದ ಗಂಬೋ ಸಾರು ತಂದ. ನಮ್ಮಮ್ಮನ ಗಂಬೋ ಕಣೇ. ಹಿಟ್ಟನ್ನು ಕಪ್ಪಗಾಗುವವರೆಗೆ ಹುರಿದು, ಏಡಿ, ಸಿಗಡಿ, ಬೆಂಡೆಕಾಯಿ ಹಾಕಿ ಮಾಡುತ್ತಿದ್ದಳಲ್ಲ, ಅದು. ನನ್ನ ಕೈಗೆ ಎಂದೂ ಹಿಡಿಯದ ರುಚಿ ಅದು. ನಾನು ಬಾಯಲ್ಲಿ ಹೇಳಿದ್ದನ್ನಷ್ಟೇ ಕೇಳಿಕೊಂಡು ಹುಡುಗ ವಾರಗಟ್ಟಲೆ ಒಲೆಯ ಮುಂದೆ ನಿಂತಿದ್ದನಂತೆ. ಮೊದಲ ಬಟ್ಟಲು ನನ್ನ ಮುಂದಿಟ್ಟು, ಉಳಿದವರಿಗೂ ಕೊಟ್ಟು, ಏಪ್ರನ್ನಿಗೆ ಕೈ ಒರೆಸುತ್ತ ನಿಂತ. ಉರ್ಸುಲ್ ಕೂಡ ತನ್ನ ಬಟ್ಟಲು ಬಿಟ್ಟು ನನ್ನ ಮುಖವನ್ನೇ ನೋಡಿದಳು.

ಒಂದು ಚಮಚ ತಿಂದೆ. ಇನ್ನೊಂದು ತಿಂದೆ. ಅಷ್ಟರಲ್ಲಿ ಆಲ್ಸೀಡ್ ತಮ್ಮ ಬಟ್ಟಲನ್ನು ಬ್ರೆಡ್ಡಿನಲ್ಲಿ ಒರೆಸಿ ಮುಗಿಸಿ, ಸದ್ದಿಲ್ಲದೆ ಉರ್ಸುಲಳ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು.

"ಅಮ್ಮ ಮಾಡ್ತಿದ್ದ ಹಾಗೇ ಇದೆ ಕಣೋ" ಎಂದೆ.

ನ್ಯೂಮಾ ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ಕೊನೆಗೆ ಆಲ್ಸೀಡ್ ಬಾಯಿ ಬಿಟ್ಟರು.

"ಆ ಮೂಲೆಗೆ ಗಾರೆ ಹಾಕಿದ್ದು ಯಾರು?"

"ನಾನೇ, ಅಪ್ಪ."

"ಹಾಗನ್ನಿಸ್ತು. ಬೇರೆಯವರಿಗೆ ಆ ಅಂಚು ಹಿಡಿಯೋಕೆ ಬರಲ್ಲ." ಮತ್ತೆ ಬಟ್ಟಲ ಕಡೆ ಬಗ್ಗಿ, "ಇನ್ನಷ್ಟು ಅನ್ನ ಇದ್ರೆ ಹಾಕು" ಎಂದರು.

ನಾಲ್ಕು ವರ್ಷದ ಮೇಲೆ ಅಪ್ಪ ಮಗ ಆಡಿದ ಮಾತು ಇಷ್ಟೇ. ಅದೇ ನನಗೆ ಹಬ್ಬದಂತಾಯಿತು. ಹೊರಡುವಾಗ ಆಲ್ಸೀಡ್ ಅಡುಗೆಮನೆಯನ್ನೂ ಹೊಕ್ಕು ಗೋಡೆ ತಟ್ಟಿ ನೋಡಿ ಬಂದರು.

ಮೇರಿಮಾತೆ ನಿನ್ನ ಮನೆಯನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ. ಮಕ್ಕಳಿಗೆ ದೊಡ್ಡಮ್ಮನ ಮುತ್ತು.

ನಿನ್ನ ಅಕ್ಕ,
ಯೂಲಾಲಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಗಂಟಲ ಗಡ್ಡೆಗೆ ರೇಡಿಯೇಷನ್ ಕರೆಂಟು ಕೊಟ್ಟ ಮೇಲೆ ನನ್ನ ನಾಲಿಗೆಗೆ ಯಾವ ರುಚಿಯೂ ಹತ್ತುತ್ತಿಲ್ಲ. ಬಿಸಿ ಗೊತ್ತಾಗುತ್ತದೆ, ಮೆತ್ತಗಿದೆಯೋ ಗಟ್ಟಿಯೋ ಗೊತ್ತಾಗುತ್ತದೆ, ಅಷ್ಟೇ. ಮರಳಿ ಬರುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಗಂಬೋ ಚೆನ್ನಾಗಿದೆ ಎಂದು ನನಗೆ ತಿಳಿದದ್ದು ಆಲ್ಸೀಡರ ಮುಖ ನೋಡಿ. ಆದರೆ ನಮ್ಮ ಮದುವೆಗೂ ಮೊದಲೇ ತೀರಿಕೊಂಡ ನಮ್ಮಮ್ಮನ ಕೈಯೂಟ ಅವರು ಉಂಡವರಲ್ಲ. ಆ ರುಚಿ ಬಲ್ಲವರು ಈಗ ನಾವಿಬ್ಬರೇ, ಅದರಲ್ಲೂ ನಾನು ಲೆಕ್ಕಕ್ಕಿಲ್ಲ. ಕ್ರಿಸ್‌ಮಸ್ಸಿಗೆ ಬಾ, ಫಿಲೊಮೆನ್. ಒಂದು ಬಟ್ಟಲು ತಿಂದು, ನಿಜವಾಗಿಯೂ ಹಾಗೇ ಇದೆಯೇ ಎಂದು ನನ್ನ ಕಿವಿಯಲ್ಲಿ ಹೇಳು. ಇಲ್ಲದಿದ್ದರೂ ನನಗಷ್ಟೇ ಹೇಳು.