ಗ್ರಹಣ ಬಿಟ್ಟ ಮೇಲೆ ಚೆಲ್ಲಿದ ನೀರು

ನಂಜನಗೂಡು
೨೪-೨-೧೯೮೦, ಭಾನುವಾರ

ಪ್ರೀತಿಯ ಮಗಳು ಚಂಪಕಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಮಾತಾಡುವವಳು ನೀನು, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡಿರು. ಹುಬ್ಬಳ್ಳಿಯ ರೊಟ್ಟಿ ಹೊಟ್ಟೆಗೆ ಒಗ್ಗಿತೇ? ದಿನಾ ಬಸ್ಸಿನಲ್ಲಿ ತಿ. ನರಸೀಪುರದ ಸ್ಕೂಲಿಗೆ ಹೋಗಿ ಬಂದು ನನ್ನ ಸೊಂಟ ಹಿಡಿದುಕೊಂಡಿದೆ, ಅದು ಹಳೇ ಸಮಾಚಾರ. ನಿಮ್ಮಮ್ಮನ ಮಂಡಿನೋವೂ ಹಳೆಯದೇ. ಆದರೂ ಈ ಒಂದು ವಾರದಿಂದ ದಿನಾ ಬೆಳಗ್ಗೆ ನಂಜುಂಡೇಶ್ವರನ ಗುಡಿಗೆ ನಡೆದು ಹೋಗಿ ಬರುತ್ತಿದ್ದಾಳೆ. ಊರಿನವರ ಕಾಯಿಲೆಯನ್ನೆಲ್ಲಾ ವಾಸಿ ಮಾಡುವ ದೇವರಿಗೆ ಒಂದು ಮೀನು ಹೆಚ್ಚಲ್ಲ ಅಂತ ಅವಳ ಲೆಕ್ಕಾಚಾರ.

ನನ್ನ ಕಾರ್ಡಿಗೆ ಉತ್ತರವಾಗಿ ನಿನ್ನ ಕಾಗದ ನಿನ್ನೆ ಬಂತು. ನಿನ್ನ ಮೀನು ಜಂಬಣ್ಣನ ವಿಷಯ ಮುಚ್ಚಿಡದೆ ಬರೆಯಿರಿ ಅಂದಿದ್ದೀಯ, ಬರೆಯುತ್ತೇನೆ. ಗ್ರಹಣಕ್ಕೆ ಮೊದಲೇ ಅವನು ಮುದುಕನಾಗಿದ್ದ ಕಣಮ್ಮ. ನೀನು ಮೈಸೂರಿನಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದಾಗ ಕಿತ್ತಳೆ ತೊಳೆಯಷ್ಟಿದ್ದವನಿಗೆ ಈಗ ಎಂಟು ವರ್ಷ. ಬಣ್ಣ ಮಾಸಿತ್ತು, ಎಡಗಣ್ಣಿಗೆ ಪೊರೆ ಬಂದಿತ್ತು, ಊಟ ಮುಗಿಸಿ ಮೂಲೆಯಲ್ಲಿ ಕೂರುತ್ತಿದ್ದ. ನನಗೂ ಅದೇ ವಯಸ್ಸು ಬರುತ್ತಿರುವುದರಿಂದ ಅದನ್ನು ರೋಗ ಅಂತ ನಾನು ಎಣಿಸಲಿಲ್ಲ. ಹದಿನಾರನೇ ತಾರೀಕು ಶನಿವಾರ ಗ್ರಹಣ ಬಿಟ್ಟ ಮೇಲೆ ಹಂಡೆ, ಕೊಡ, ತಂಬಿಗೆಗಳ ನೀರೆಲ್ಲಾ ಮೋರಿಗೆ ಹೋದಂತೆ ಅವನ ಗಾಜಿನ ತೊಟ್ಟಿಯ ನೀರೂ ಹೋಯಿತು, ಆಗಷ್ಟೇ ಬಂದ ನಲ್ಲಿ ನೀರು ತುಂಬಿತು. ಅದರಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಂಜೆಗೆ ಜಂಬಣ್ಣ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದ. ಮಾರನೇ ದಿನ ರೆಕ್ಕೆ ಮೈಗೆ ಅಂಟಿಸಿಕೊಂಡ. ಮಂಗಳವಾರದ ಹೊತ್ತಿಗೆ ಬಾಲದ ಬುಡದಲ್ಲಿ ಹತ್ತಿಯಂಥ ಬಿಳಿ ಬೂಸಲು.

ನನ್ನ ಓಡಾಟ ಏನು ಹೇಳಲಿ. ದನದ ಆಸ್ಪತ್ರೆಗೆ ಹೋದೆ, ಕಾಂಪೌಂಡರ್ ಮಹದೇವಯ್ಯ ಪಾಪ ನಗಲಿಲ್ಲ, ಎಮ್ಮೆಗಾದರೆ ಸೂಜಿ ಚುಚ್ಚುತ್ತಿದ್ದೆ ಇದಕ್ಕೆ ಎಲ್ಲಿ ಚುಚ್ಚಲಿ ಅಂದರು. ಮೈಸೂರಿನ ಮೀನಿನ ಅಂಗಡಿಯವರು ನೀಲಿ ಔಷಧಿ ಹಾಕಿ ಅಂದರು. ಅದು ನಮ್ಮ ಸ್ಕೂಲಿನ ಲ್ಯಾಬಿನಲ್ಲೇ ಇತ್ತು, ತಂದು, ಅವನನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟು ತೊಟ್ಟು ಹಾಕಿದೆ. ಕಲ್ಲುಪ್ಪು ಹಾಕಿದೆ. ಬಟಾಣಿ ಬೇಯಿಸಿ ಸಿಪ್ಪೆ ತೆಗೆದು ಕೊಟ್ಟೆ, ಮೂಸಿ ಉಗಿದ. ಕೊನೆಗೆ ಸಂಗಮದಲ್ಲಿ ಬಲೆ ಹಾಕುವ ಚಿಕ್ಕಮಾದುವನ್ನು ನರಸೀಪುರದಿಂದ ಬಸ್ಸಿನಲ್ಲಿ ಕೂರಿಸಿಕೊಂಡು ಬಂದೆ. ಮಡಿ ಮಾಡುವ ಹೆಂಗಸಿನ ಮನೆಗೆ ಮೀನುಗಾರ ವೈದ್ಯನಾಗಿ ಬಂದದ್ದು ನಮ್ಮ ಬೀದಿಗೆಲ್ಲಾ ತಮಾಷೆ. ಅವನು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ, "ಎಲ್ಲಾ ನೀರ್ನೂ ಒಂದೇ ಕಿತ ಚೆಲ್ಬುಟ್ರಾ ಸಾ? ಮುದಿ ಮೀನ್ಗೆ ಅಳೇ ನೀರೇ ಮನೆ. ಮನೇನೇ ಕಿತ್ತಾಕ್ಬುಟ್ರಲ್ಲ." ಯಾರು ಚೆಲ್ಲಿದ್ದು ಅಂತ ಕೇಳಿದ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನಿಮ್ಮಮ್ಮ, "ನಾನೇ ಕಣಪ್ಪ, ಗ್ರಹಣದ ನೀರು ಅಂತ" ಅಂದಳು. ಪಕ್ಕದ ಮನೆ ಭಾಗೀರಥಮ್ಮನವರ ಕಿವಿಗೂ ಅದು ಬಿತ್ತು. ಮಡಿ ಮಾಡಿ ಮಗಳ ಮೀನು ಕೊಂದಳು ಅಂತ ಈಗ ಬೀದಿಯಲ್ಲಿ ಮಾತು.

ಚಿಕ್ಕಮಾದು ಹೇಳಿದಂತೆ ನೀರನ್ನು ಎರಡು ದಿನ ಬಿಸಿಲಲ್ಲಿ ಇಟ್ಟು, ದಿನಕ್ಕೆ ಒಂದು ಚೊಂಬು ಮಾತ್ರ ಬದಲಾಯಿಸುತ್ತಿದ್ದೇನೆ. ಬೂಸಲು ಸ್ವಲ್ಪ ಇಳಿದಿದೆ. ಆದರೆ ಅವನಿಗೆ ನೆಟ್ಟಗೆ ನಿಲ್ಲಲು ಆಗುತ್ತಿಲ್ಲ, ಒಂದು ಮಗ್ಗುಲಿಗೆ ವಾಲಿ ತೇಲುತ್ತಾನೆ. ಅಂಗೈ ಕೊಟ್ಟರೆ ಅದರ ಮೇಲೆ ಒರಗಿ ಉಸಿರಾಡುತ್ತಾನೆ, ಕೈ ತೆಗೆದರೆ ಮತ್ತೆ ವಾಲುತ್ತಾನೆ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನಿಗೆ ಇದಕ್ಕಿಂತ ಹೆಚ್ಚಿಗೆ ಏನೂ ತೋಚುತ್ತಿಲ್ಲ ಮಗಳೇ. ಯುಗಾದಿಗೆ ನೀನು ಬರುವ ತನಕ ಇರುತ್ತಾನೆ ಅಂತ ಮಾತು ಕೊಡಲಾರೆ. ಹುಬ್ಬಳ್ಳಿಯಲ್ಲಿ ಮೀನು ಸಾಕುವವರು ಯಾರಾದರೂ ಇದ್ದರೆ ಕೇಳಿ ಬರೆ.

ಆರೋಗ್ಯ ನೋಡಿಕೋ. ನಿನ್ನ ರೂಮಿನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ಇತಿ ನಿನ್ನ ಅಪ್ಪ,
ಅನಂತಪದ್ಮನಾಭ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ನೀರು ಚೆಲ್ಲಿದ್ದು ಅಮ್ಮ ಅಲ್ಲ, ನಾನು. ಗ್ರಹಣ ಬರೀ ನೆರಳು, ಯಾರೂ ನೀರು ಚೆಲ್ಲಬೇಡಿ ಅಂತ ವಾರವೆಲ್ಲಾ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನೇ. ಹೇಳೋದು ಶಾಸ್ತ್ರ, ಹಾಕೋದು ಗಾಳ. ಹಾಡುಹಗಲೇ ಬೆಳಕು ಬೂದಿಯಾಗಿ ಜಂಬಣ್ಣ ತಳದಲ್ಲಿ ಮಲಗಿಬಿಟ್ಟಾಗ, ಗ್ರಹಣದ ನೀರು ವಿಷ ಅನ್ನುತ್ತಿದ್ದ ನಮ್ಮಮ್ಮನ ಮಾತು ಒಂದೇ ನೆನಪಿಗೆ ಬಂತು, ಹೆದರಿಹೋದೆ. ಗ್ರಹಣ ಬಿಡುತ್ತಲೇ ತೊಟ್ಟಿ ಎತ್ತಿದೆ. ನಿಮ್ಮಮ್ಮ ಅಡ್ಡ ಬಂದಳು, "ದರ್ಭೆ ಹಾಕಿದ್ದೀನಿ ಕಣ್ರೀ, ಆ ನೀರಿಗೆ ದೋಷ ಇಲ್ಲ, ಚೆಲ್ಲಬೇಡಿ" ಅಂದಳು. ಕೇಳಲಿಲ್ಲ. ಮೇಷ್ಟರ ಮರ್ಯಾದೆ ಉಳಿಯಲಿ ಅಂತ ಚಿಕ್ಕಮಾದುವಿನ ಎದುರು ಅವಳು ತಾನೇ ಚೆಲ್ಲಿದ್ದು ಅಂದಳು. ಅದಕ್ಕೂ ಮೊದಲೇ ನಾನು ನಿನಗೆ ಕಾರ್ಡಿನಲ್ಲಿ ಅಮ್ಮ ಚೆಲ್ಲಿದಳು ಅಂತ ಬರೆದಾಗಿತ್ತು, ಅದು ಅವಳಿಗೆ ಗೊತ್ತಿಲ್ಲ. ನಿನ್ನೆಯ ಕಾಗದದಲ್ಲಿ ಅವಳನ್ನು ವಿಚಾರಿಸಿ ನೀನು ಒಂದು ಸಾಲೂ ಬರೆದಿರಲಿಲ್ಲ. "ನನಗೇನು ಬರೆದಿದ್ದಾಳೆ?" ಅಂತ ಅವಳು ಕೇಳಿದಳು. ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲಿ ಅಂತ ಬರೆದಿದ್ದಾಳೆ ಅಂತ ಓದಿಬಿಟ್ಟೆ. ಅವಳು ಆಗಲೇ ಎದ್ದು ಹೋಗಿ ಎಣ್ಣೆ ಬಿಸಿಮಾಡಿಕೊಂಡು ಬಂದು ಹಚ್ಚಿಕೊಂಡಳು.